ಬೂದಿ ಬಿದ್ದ ಕಾಡಿಗೆ ಹಕ್ಕಿಗಳನ್ನು ಕರೆಯುವುದು ಹೇಗೆ?

ಜ್ವಾಲಾಮುಖಿ ಸಿಡಿದು ಕಾಡು ಹಾಳಾದ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಸಸಿ ನೆಡೋಣ ಅಂತ. ಸ್ವಲ್ಪ ತಡೆಯಿರಿ. ಅಲ್ಲಿ ಹಕ್ಕಿಗೆ ಕೂರೋಕೆ ಜಾಗ ಇದೆಯಾ, ಅದನ್ನು ಮೊದಲು ನೋಡಿ.

ಗಾಳಿ ಹಗುರವಾದದ್ದನ್ನು ಮಾತ್ರ ತರುತ್ತದೆ. ಹಣ್ಣಿನ ಮರಗಳ ಬೀಜ ಹೆಚ್ಚಾಗಿ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲೇ ಬರಬೇಕು. ಇಂಡೋನೇಷ್ಯಾದ ಜ್ವಾಲಾಮುಖಿ ದ್ವೀಪ ಕ್ರಕಟೋವಾ 1883ರಲ್ಲಿ ಸಿಡಿಯಿತಲ್ಲ, ಮರುವರ್ಷ ಅಲ್ಲಿಗೆ ಹೋದವರಿಗೆ ಕಂಡ ಜೀವ ಒಂದೇ ಒಂದು ಪುಟ್ಟ ಜೇಡ. 1886ರಲ್ಲಿ ನೋಡಿದರೆ ಜರಿಗಿಡಗಳು ಬಂದಿದ್ದವು. ಆಮೇಲೆ ಹಕ್ಕಿ, ಬಾವಲಿಗಳು ಸಮುದ್ರ ದಾಟಿ ಅತ್ತಿ ಜಾತಿಯ ಬೀಜ ತಂದು ಹಾಕಿದವು, ಆ ಮರಗಳು ಹಣ್ಣು ಬಿಟ್ಟ ಮೇಲೆ ಇನ್ನಷ್ಟು ಹಕ್ಕಿ ಬಂದವು, ಅವು ಇನ್ನಷ್ಟು ಬೀಜ ತಂದವು. ಯಾರೂ ಗುಂಡಿ ತೋಡಿರಲಿಲ್ಲ!

ಹಾಗಾದರೆ ನಾವು ಮಾಡೋದೇನು? ನಿಂತಲ್ಲೇ ಸತ್ತ ಮರಗಳನ್ನು ಕಡಿಯಬೇಡಿ. ನೋಡೋಕೆ ಚೆನ್ನಾಗಿರಲ್ಲ, ನಿಜ, ಆದರೆ ಬಯಲಲ್ಲಿ ಹಕ್ಕಿ ಇಳಿಯುವುದು ಅಲ್ಲೇ. ಮರವೇ ಇಲ್ಲವಾದರೆ ಎತ್ತರದ ಕಂಬ ನೆಟ್ಟು ಮೇಲೆ ಒಂದೆರಡು ಅಡ್ಡಕೋಲು ಕಟ್ಟಿ. ಉಳಿದಿರುವ ಕಾಡಿನ ಅಂಚಿನಿಂದ ಶುರು ಮಾಡಿ, ಯಾಕಂದರೆ ಚಿಕ್ಕ ಹಕ್ಕಿಗಳು ತಿಂದ ಬೀಜವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲ್ಲ, ಎಷ್ಟೋ ಸಲ ಒಂದು ಗಂಟೆಯೊಳಗೇ ಹೊರಗೆ ಬಿಡುತ್ತವೆ. ನಡುಬಯಲಲ್ಲಿ ಒಂಟಿ ಕಂಬ ನೆಟ್ಟು ಕಾದರೆ ಸುಮ್ನೆ ಕಾಯೋದೇ ಆಗುತ್ತೆ.

ಕೆಲವು ವಾರ ಬಿಟ್ಟು ಕಂಬದ ಬುಡ ನೋಡಿ. ಬೂದಿಯ ಮೇಲೆ ಬಿಳಿ ಹಿಕ್ಕೆ, ಅದರೊಳಗೆ ನೇರಳೆ ಬಣ್ಣದ ಸಿಪ್ಪೆ, ಕಡ್ಡಿಯಿಂದ ಕೆದಕಿದರೆ ಸಾಸಿವೆಗಿಂತ ಚಿಕ್ಕ ಬೀಜಗಳು. ಖುಷಿಪಡಿ, ಆದರೆ ಇಲ್ಲೇ ತುಂಬ ಜನ ಎಡವುವುದು. ಸಣ್ಣ ಬೂದಿ ಮಳೆಗೆ ನೆಂದು ಒಣಗಿದರೆ ಮೇಲೆ ಗಟ್ಟಿ ಹೊಪ್ಪಳೆ ಕಟ್ಟುತ್ತದೆ, ಬೀಜ ಅದರ ಮೇಲೆ ಉರುಳಿ ಮಳೆನೀರಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕೇ ಕಂಬದ ಸುತ್ತ ಆ ಹೊಪ್ಪಳೆ ಒಡೆದು, ಅಂಗೈಯಗಲದ ತಗ್ಗು ಮಾಡಿ, ಒಣಗಿದ ಕೊಂಬೆ ಹರಡಿ. ನೆರಳೂ ಸಿಗುತ್ತೆ, ತೇವವೂ ನಿಲ್ಲುತ್ತೆ. ಕೆಲಸ ಮಾಡುವಾಗ ಮಾಸ್ಕ್ ಬೇಕೇ ಬೇಕು, ಬೂದಿ ಅಂದರೆ ಪುಡಿಯಾದ ಗಾಜು ಮತ್ತು ಕಲ್ಲು.

ಇನ್ನೊಂದು ಮಾತು. ಹಣ್ಣು ತಿನ್ನದ ಹಕ್ಕಿಯನ್ನೂ ಓಡಿಸಬೇಡಿ. ಐಸ್‌ಲ್ಯಾಂಡ್ ಬಳಿ 1963ರಲ್ಲಿ ಸಮುದ್ರದಿಂದ ಎದ್ದ ಸರ್ಟ್‌ಸೆ ದ್ವೀಪದಲ್ಲಿ, 1980ರ ದಶಕದ ನಡುವೆ ಕಡಲಕ್ಕಿಗಳು ಗೂಡು ಕಟ್ಟಿದ ಮೇಲೆಯೇ ಹಸಿರು ಜೋರಾಗಿ ಹಬ್ಬಿದ್ದು. ಹಿಕ್ಕೆಯೇ ಗೊಬ್ಬರ!

ದೊಡ್ಡ ಬೀಜದ ಮರಗಳು ಮಾತ್ರ ಹೀಗೆ ಸುಲಭವಾಗಿ ಬರಲ್ಲ. ಅಂಥ ಹಣ್ಣು ನುಂಗೋಕೆ ದೊಡ್ಡ ಬಾಯಿಯ ಹಕ್ಕಿಯೇ ಬೇಕು, ಅದು ಸುತ್ತಮುತ್ತ ಇಲ್ಲ ಅಂತ ಖಾತ್ರಿಯಾದರೆ, ಆ ಜಾತಿಯ ಸಸಿಗಳನ್ನಷ್ಟೇ ಕೈಯಾರೆ ನೆಡಿ.