ಒಹಿತ್ಸು: ಅನ್ನಕ್ಕೆ ಅಂತಲೇ ಮಾಡಿದ ಜಪಾನಿನ ಮರದ ಪಾತ್ರೆ ತಗೊಳ್ಳೋದು ಹೇಗೆ, ನೋಡ್ಕೊಳ್ಳೋದು ಹೇಗೆ

ಜಪಾನಲ್ಲಿ ಎಲೆಕ್ಟ್ರಿಕ್ ಕುಕ್ಕರ್ ಬರೋಕ್ಕೂ ಮುಂಚೆ ಅನ್ನ ಆದ್ಮೇಲೆ ಅದನ್ನ ಬೇಯಿಸಿದ ಪಾತ್ರೇಲೇ ಬಿಡ್ತಿರಲಿಲ್ಲ, ಮುಚ್ಚಳ ಇರೋ ದುಂಡನೆ ಮರದ ಪಾತ್ರೆಗೆ ಹಾಕಿಡ್ತಿದ್ರು, ಅದೇ ಒಹಿತ್ಸು. ಬಿಸಿ ಅನ್ನದಿಂದ ಏಳೋ ಹಬೆ ಸ್ಟೀಲ್ ಡಬ್ಬೀಲಾದ್ರೆ ಮುಚ್ಚಳಕ್ಕೆ ಬಡಿದು ನೀರಾಗಿ ವಾಪಸ್ ಅನ್ನದ ಮೇಲೇ ತೊಟ್ಟಿಕ್ಕುತ್ತೆ, ಆದ್ರೆ ಮರ ಆ ಹೆಚ್ಚಿನ ನೀರನ್ನ ಹೀರ್ಕೊಂಡು, ಅನ್ನ ಆರ್ತಾ ಬಂದ ಹಾಗೆ ಒಣಗದ ಹಾಗೂ ಕಾಯುತ್ತೆ. ಅದಕ್ಕೇ ಆರಿದ ಅನ್ನಾನೂ ಅಗುಳಗುಳಾಗಿ, ತಿನ್ನೋಕೆ ರುಚಿಯಾಗಿರುತ್ತೆ. ಈ ಪಾತ್ರೆ ಬಗ್ಗೆ ಮುಂದೆ ಹೇಳೋದೆಲ್ಲ ಮರ ನೀರು ಹೀರೋ ಈ ಒಂದು ಗುಣದಿಂದಲೇ ಬರೋದು.

ಮೊದಲು ಮರ. ಒಹಿತ್ಸುಗೆ ಹೆಚ್ಚಾಗಿ ಬಳಸೋದು ಸವಾರಾ ಅನ್ನೋ ಮರ, ನಾಗಾನೊ ಪ್ರಾಂತ್ಯದ ಕಿಸೊ ಕಣಿವೆ ಇದಕ್ಕೆ ಹೆಸರುವಾಸಿ. ಎಡೊ ಕಾಲದಲ್ಲಿ (1603ರಿಂದ 1868) ಅಲ್ಲಿ ಸವಾರಾ, ಹಿನೊಕಿ ಸೇರಿ ಐದು ಜಾತಿ ಮರ ಕಡಿಯೋದನ್ನ ಓವಾರಿ ಸಂಸ್ಥಾನ ನಿಷೇಧಿಸಿತ್ತು, ಒಂದು ಮರಕ್ಕೆ ಒಂದು ತಲೆ ಅಂತ ಜನ ಹೇಳ್ತಿದ್ರು, ಅಷ್ಟು ಬಿಗಿ. ಹಿನೊಕಿ ಮರಾನೂ ಸಿಗುತ್ತೆ, ನೋಡೋಕೆ ಚಂದ, ಆದ್ರೆ ಅದರ ಘಮ ಜೋರು, ಅನ್ನಕ್ಕೆ ಹತ್ತಿಬಿಡುತ್ತೆ. ಸವಾರಾ ವಾಸನೆ ಸೌಮ್ಯ, ನೀರಿಗೂ ಚೆನ್ನಾಗಿ ತಡೆಯುತ್ತೆ, ಮೊದಲ ಸಲ ತಗೊಳ್ಳೋರು ಕಣ್ಮುಚ್ಕೊಂಡು ಅದನ್ನೇ ತಗೊಳ್ಳಿ.

ಕೈಗೆತ್ಕೊಂಡಾಗ ಹಲಗೆ ಮೇಲಿನ ಗೆರೆ ನೋಡಿ. ಮೇಲಿಂದ ಕೆಳಗೆ ನೆಟ್ಟಗೆ, ಒಂದರ ಪಕ್ಕ ಒಂದು ಸಾಲಾಗಿದ್ರೆ ಅದು ಮಾಸಾಮೆ, ಅನ್ನಕ್ಕೆ ಬೇಕಾಗಿರೋದು ಅದೇ, ನೀರು ಚೆನ್ನಾಗಿ ಹೀರುತ್ತೆ, ಸೊಟ್ಟಾಗೋದೂ ಕಮ್ಮಿ. ಬೆಟ್ಟದ ಆಕಾರದಲ್ಲಿ ಅಲೆಅಲೆಯಾಗಿದ್ರೆ ಇತಾಮೆ, ಅದರಲ್ಲಿ ನೀರು ಸುಲಭಕ್ಕೆ ಜಿನುಗಲ್ಲ, ಹಂಗಾಗಿ ಸಾಕೆ ಅನ್ನೋ ಅಕ್ಕಿ ಮದ್ಯ ತುಂಬೋ ಪೀಪಾಯಿಗೆ ಅದು ಸರಿ. ಹಲಗೆಗಳ ಮಧ್ಯೆ ಕಬ್ಬಿಣದ ಮೊಳೆ ಇರೋದಿಲ್ಲ, ಹಳೇ ಪದ್ಧತಿಲಿ ಬಿದಿರಿನ ಮೊಳೆ ಇಲ್ಲಾ ಅನ್ನವನ್ನೇ ನುಣ್ಣಗೆ ತಿಕ್ಕಿ ಮಾಡಿದ ಅಂಟು ಹಾಕಿ ಜೋಡಿಸಿ, ಗಾಡಿ ಚಕ್ರಕ್ಕೆ ಪಟ್ಟಿ ಹಾಕ್ದಂಗೆ ಸುತ್ತ ತಾಮ್ರದ್ದೋ ಬಿದಿರಿನದೋ ಬಳೆ ಬಿಗಿದಿರ್ತಾರೆ. ಆ ಬಳೆ ಕೈಲಿ ತಿರುಗಿಸಿದ್ರೆ ಅಲ್ಲಾಡಬಾರದು.

ಇನ್ನೊಂದು ಜಾತಿ ಇದೆ, ಮಾಗೆವಾಪ್ಪಾ, ಅಕಿತಾ ಪ್ರಾಂತ್ಯದ ಓದಾತೆ ಊರಿಂದು. ಅಲ್ಲಿ ಸುಗಿ ಮರದ ತೆಳು ಪಟ್ಟೀನ ಬಿಸಿನೀರಲ್ಲಿ ಮೆತ್ತಗೆ ಮಾಡಿ, ಬಿಸಿ ಇರೋವಾಗ್ಲೇ ಬಗ್ಗಿಸಿ, ಒಣಗಿಸಿ, ತುದಿ ಎರಡನ್ನೂ ಕಾಡು ಚೆರ್ರಿ ಮರದ ತೊಗಟೆಯಿಂದ ಹೊಲೀತಾರೆ. ಆ ಹೊಲಿಗೆ ಹತ್ತಿರದಿಂದ ನೋಡ್ಬೇಕು, ಕಂದು ಬಣ್ಣದ ಹೊಳಪು ತೊಗಟೆ ಒಳಗೂ ಹೊರಗೂ ಒಂದೇ ಸಮ ನುಸುಳಿ ಬಂದಿರುತ್ತೆ, ನನಗಂತೂ ಇಡೀ ಪಾತ್ರೇಲಿ ಅದೇ ಇಷ್ಟ. 1980ರಲ್ಲಿ ಜಪಾನ್ ಸರ್ಕಾರ ಇದನ್ನ ಸಾಂಪ್ರದಾಯಿಕ ಕರಕುಶಲ ಅಂತ ಗುರುತಿಸಿತು. ಬುತ್ತಿ ಡಬ್ಬಿ ಬೇಕಿದ್ರೆ ಇದು ತಗೊಳ್ಳಿ.

ಈಗ ಮುಖ್ಯ ಪ್ರಶ್ನೆ, ಬರೀ ಮರಾನಾ, ಕೋಟಿಂಗ್ ಇರೋದಾ? ಪಾಲಿಯುರೆಥೇನ್ ಬಳಿದ ಪಾತ್ರೆ ತೊಳೆಯೋಕೆ ಸುಲಭ, ಕಲೆ ಹಿಡಿಯಲ್ಲ, ಆದ್ರೆ ಅದು ನೀರೂ ಹೀರಲ್ಲ, ಹಂಗಂದ್ಮೇಲೆ ಅನ್ನದ ವಿಷಯಕ್ಕೆ ಪ್ಲಾಸ್ಟಿಕ್ ಡಬ್ಬಿಗೂ ಅದಕ್ಕೂ ಏನು ವ್ಯತ್ಯಾಸ? ಒಹಿತ್ಸು ಆದ್ರೆ ಬರೀ ಮರದ್ದೇ ಇರ್ಲಿ. ಬುತ್ತಿ ಡಬ್ಬಿಗೆ ಮಾತ್ರ, ನಮ್ಮ ಚಿತ್ರಾನ್ನ ಪುಳಿಯೋಗರೆ ಹಾಕೋ ಯೋಚನೆ ಇದ್ರೆ ಕೋಟಿಂಗ್ ಇರೋದು ಇಲ್ಲಾ ಉರುಶಿ ಅನ್ನೋ ಮರದ ರಸದ ಮೆರುಗು ಬಳಿದಿದ್ದು ವಾಸಿ, ಯಾಕಂದ್ರೆ ಅರಿಶಿನ ಎಣ್ಣೆ ಬರೀ ಮರದೊಳಗೆ ಇಳಿದ್ರೆ ಮತ್ತೆ ಹೋಗಲ್ಲ. ಮೊಸರನ್ನ ಬೇಡವೇ ಬೇಡ.

ಸೈಜನ್ನ ಗೋ ಅನ್ನೋ ಜಪಾನಿ ಅಳತೆ ಲೆಕ್ಕದಲ್ಲಿ ಹೇಳ್ತಾರೆ, ಒಂದು ಗೋ ಅಂದ್ರೆ 180 ಮಿಲಿ ಅಕ್ಕಿ, ಸುಮಾರು 150 ಗ್ರಾಂ. ಪಾತ್ರೆ ಕಂಠದವರೆಗೆ ತುಂಬಿದ್ರೆ ಹಬೆಗೆ ಜಾಗ ಇರಲ್ಲ, ಅದಕ್ಕೆ ನೀವು ಮಾಡೋ ಅನ್ನಕ್ಕಿಂತ ಒಂದು ಸೈಜ್ ದೊಡ್ಡದೇ ತಗೊಳ್ಳಿ.

ತಂದ ತಕ್ಷಣ ಅನ್ನ ಹಾಕ್ಬೇಡಿ. ಅಕ್ಕಚ್ಚು, ಅಂದ್ರೆ ಅಕ್ಕಿ ತೊಳೆದ ನೀರನ್ನ ತುಂಬಿ ಕೆಲವು ಗಂಟೆ ಬಿಡಿ, ಇಲ್ಲಾ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿದ್ರೂ ಆಗುತ್ತೆ, ಮರದ ಒಗರು ಮತ್ತೆ ಕಡು ವಾಸನೆ ಇಳಿಯುತ್ತೆ. ಆಮೇಲೆ ತೊಳೆದು ನೆರಳಲ್ಲಿ ಒಣಗಿಸಿ.

ದಿನಾ ಬಳಸೋ ಕ್ರಮ ಹಿಂಗೆ: ಅನ್ನ ಹಾಕೋ ಮುಂಚೆ ಒಳಗೆಲ್ಲ ನೀರು ಹಾಕಿ ನೆನೆಸಿ, ಚೆಲ್ಲಿ, ಒದ್ದೆ ಮಾತ್ರ ಉಳಿಯೋ ಹಾಗೆ ಬಟ್ಟೇಲಿ ಒರೆಸಿ. ಒಣ ಮರಕ್ಕೆ ಬಿಸಿ ಅನ್ನ ಸುರಿದ್ರೆ ಮರ ಪೂರ್ತಿ ನೀರು ಎಳ್ಕೊಂಡು ಅನ್ನ ಗಟ್ಟಿಯಾಗುತ್ತೆ, ಅಗುಳೂ ಅಂಟಿಕೊಳ್ಳುತ್ತೆ. ಅನ್ನ ಆದ್ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು, ಮರದ ಸೌಟಲ್ಲಿ ಬುಡದಿಂದ ಹಗುರಕ್ಕೆ ಎತ್ತಿ ಹಾಕಿ, ಒತ್ತಬೇಡಿ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ಒಣ ಕಾಟನ್ ಬಟ್ಟೆ ಇಟ್ರೆ ಇನ್ನೂ ಒಳ್ಳೇದು. ಅಂಟಂಟು ಇರೋ ಜಪಾನಿ ಅಕ್ಕೀಲಿ ವ್ಯತ್ಯಾಸ ಎದ್ದು ಕಾಣುತ್ತೆ, ಸೋನಾ ಮಸೂರಿ ಮೊದಲೇ ಉದುರು ಇರೋದ್ರಿಂದ ಅಷ್ಟು ಗೊತ್ತಾಗಲ್ಲ. ಮತ್ತೆ ಇದು ಫ್ರಿಜ್ ಅಲ್ಲ, ಬೆಳಿಗ್ಗೆ ಅನ್ನ ಅದೇ ದಿನ ಮುಗೀಬೇಕು, ಬೇಸಿಗೇಲಿ ಇನ್ನೂ ಬೇಗ, ಉಳಿದಿದ್ದನ್ನ ಬೇರೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ.

ತೊಳೆಯೋಕೆ ಬೆಚ್ಚಗಿನ ನೀರು, ಜೊತೆಗೆ ಅಲ್ಲಿಯವರು ತವಾಶಿ ಅನ್ನೋ ನಾರಿನ ಬ್ರಷ್ ಬಳಸ್ತಾರೆ, ನಮ್ಮ ತೆಂಗಿನ ನಾರೂ ಅದೇ ಕೆಲಸ ಮಾಡುತ್ತೆ. ಗೆರೆ ಹೋದ ದಿಕ್ಕಿಗೇ ಉಜ್ಜಿ. ಸೋಪು ಬೇಡ, ಮರ ಅದನ್ನೂ ಹೀರುತ್ತೆ. ಸ್ಟೀಲ್ ಸ್ಕ್ರಬ್ಬರ್ ಅಂತೂ ಮುಟ್ಟಿಸ್ಲೇಬೇಡಿ, ಕಬ್ಬಿಣದ ಅಂಶ ಮರದ ಒಗರಿನ ಜೊತೆ ಸೇರಿ ಕಪ್ಪು ಕಲೆ ಕಟ್ಟುತ್ತೆ. ಡಿಶ್‌ವಾಷರ್, ಮೈಕ್ರೋವೇವ್ ಎರಡೂ ನಿಷಿದ್ಧ. ಕೊನೇಲಿ ಕುದಿಯೋ ನೀರು ಸುರಿದು ಚೆಲ್ಲಿದ್ರೆ ಬೇಗ ಆರುತ್ತೆ.

ಒಣಗಿಸೋದ್ರಲ್ಲೇ ಎಲ್ಲ ಇರೋದು. ಬಟ್ಟೇಲಿ ಒರೆಸಿ, ಗಾಳಿ ಆಡೋ ನೆರಳಲ್ಲಿ, ಬುಡಕ್ಕೂ ಗಾಳಿ ತಾಗೋ ಹಾಗೆ ಓರೆಯಾಗಿಡಿ, ಮುಚ್ಚಳ ಬೇರೆ ಇರ್ಲಿ. ಬಿಸಿಲಿಗಿಟ್ರೆ ಮರ ಸೀಳುತ್ತೆ. ನಮ್ಮ ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಲ್ಲಿ, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ, ಇಲ್ಲಾಂದ್ರೆ ಬೂಸ್ಟು ಗ್ಯಾರಂಟಿ. ಎತ್ತಿಡುವಾಗ ಪೇಪರ್ ಸುತ್ತಿ, ಪ್ಲಾಸ್ಟಿಕ್ ಕವರ್ ಹಾಕ್ಬೇಡಿ.

ತಿಂಗಳುಗಟ್ಟಲೆ ಬಳಸದೆ ಇಟ್ಟಾಗ ಮರ ಕುಗ್ಗಿ ಬಳೆ ಸಡಿಲ ಆಗಿ ಜಾರಬಹುದು, ಪಾತ್ರೆ ಹಾಳಾಯ್ತು ಅಂತ ಹೆದರ್ಬೇಡಿ. ಪಾತ್ರೆ ಬೋರಲು ಹಾಕಿ, ಬಳೇನ ಮೊದಲಿದ್ದ ಜಾಗಕ್ಕೆ ಕೂರಿಸಿ, ಮರದ ತುಂಡು ಅಡ್ಡ ಕೊಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ, ಆಮೇಲೆ ನೀರು ತುಂಬಿಡಿ, ಮರ ಉಬ್ಬಿ ತಾನೇ ಬಿಗಿಯಾಗುತ್ತೆ. ಹಲಗೆಗಳೇ ಬಿಚ್ಚಿಕೊಂಡಿದ್ರೆ ಮಾತ್ರ ಮಾಡಿದವರ ಹತ್ರ ಕಳಿಸ್ಬೇಕು, ಜಪಾನಲ್ಲಿ ಒಹಿತ್ಸು ಮಾಡೋ ಎಷ್ಟೋ ಕುಶಲಕರ್ಮಿಗಳು ಬಳೆ ಬದಲಾಯಿಸಿ, ಒಳಮೈ ಹೆರೆದು ಮತ್ತೆ ಬಿಳುಪು ಮಾಡಿ ಕೊಡ್ತಾರೆ, ಅದಕ್ಕೆ ಕೊಳ್ಳುವಾಗ್ಲೇ ರಿಪೇರಿ ಮಾಡ್ತೀರಾ ಅಂತ ಕೇಳ್ಕೊಂಡು ತಗೊಳ್ಳಿ.