ಹೈಂಡ್‌ಸೈಟ್–ಟ್ರೇಸಸ್ ತಕರಾರು: ವರ್ಷಲೆಕ್ಕದ ಹಾಳೆ ಮಾಡಿದ ನನ್ನ ಅನುಭವ

ಹೊಸ ತಂತ್ರಜ್ಞಾನದ ಹಿಂದೆ ಶುದ್ಧ ವಿಜ್ಞಾನದ ಪಾಲೆಷ್ಟು? ಇದಕ್ಕೆ ಹೈಂಡ್‌ಸೈಟ್, ಟ್ರೇಸಸ್ ಎಂಬ ಎರಡು ಅಮೆರಿಕನ್ ಅಧ್ಯಯನಗಳು ತದ್ವಿರುದ್ಧ ಉತ್ತರ ಕೊಟ್ಟವು; ಅವು ಎಣಿಸಿದ ವರ್ಷಗಳನ್ನು ನಾನು ಹಾಳೆಗಿಳಿಸಿದೆ. ವಿಜ್ಞಾನ ನೀತಿಯ ಕಡತಗಳಲ್ಲಿ ಬರುವ ‘ಐದು ವರ್ಷ’, ‘ಒಂದು ದಶಕ’ ಎಲ್ಲ ಪೀಠಿಕೆಯ ಅಲಂಕಾರ, ಎಕ್ಸೆಲ್‌ಗೆ ಹಾಕಿದರೆ ಏನೂ ಹುಟ್ಟದು ಎಂದವರೇ ಹೆಚ್ಚು. ಹುಟ್ಟಿತು. ಪ್ರತಿ ಅವಧಿಗೂ ಮೂರು ಕಾಲಂ ಸಾಕು: ಎಣಿಕೆ ಎಲ್ಲಿಂದ ಶುರು, ಎಲ್ಲಿ ನಿಂತಿತು, ಎಣಿಸಿದವರಿಗೆ ದುಡ್ಡು ಕೊಟ್ಟವರು ಯಾರು.

ಅಮೆರಿಕದ ರಕ್ಷಣಾ ಇಲಾಖೆಯ ಹೈಂಡ್‌ಸೈಟ್ ಅಧ್ಯಯನ ಇಪ್ಪತ್ತು ಶಸ್ತ್ರವ್ಯವಸ್ಥೆಗಳ ಬೆನ್ನು ಹತ್ತಿ ಅವಕ್ಕೆ ಕಾರಣವಾದ ಸುಮಾರು 700 ಸಂಶೋಧನಾ ಘಟನೆ ಎಣಿಸಿತು. ಗುರಿಯಿಲ್ಲದ ಶುದ್ಧ ವಿಜ್ಞಾನಕ್ಕೆ ಸಿಕ್ಕ ಪಾಲು ಶೇ. 0.3. ಎನ್‌ಎಸ್‌ಎಫ್ (ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ದುಡ್ಡಿನಲ್ಲಿ ನಡೆದ ಟ್ರೇಸಸ್ (1968) ಫೆರೈಟ್ ಎಂಬ ಕಾಂತೀಯ ವಸ್ತು, ವಿಡಿಯೊ ಟೇಪ್ ರೆಕಾರ್ಡರ್, ಗರ್ಭನಿರೋಧಕ ಮಾತ್ರೆಯಂಥ ಐದನ್ನು ಹಿಡಿದು 340 ಚಿಲ್ಲರೆ ಘಟನೆ ತೆಗೆಯಿತು. ಅಲ್ಲಿ ಅದೇ ಬಗೆಯ ಸಂಶೋಧನೆಗೆ ಶೇ. 70. ಮೊದಲನೆಯದು ಹಿಂದಕ್ಕೆ ಹೋಗಿದ್ದು ಹೆಚ್ಚುಕಡಿಮೆ 1945ರವರೆಗೆ, ಎರಡನೆಯದು ಐವತ್ತು ವರ್ಷ. ಟ್ರೇಸಸ್ ದತ್ತಾಂಶವನ್ನೇ ಇಪ್ಪತ್ತು ವರ್ಷಕ್ಕೆ ಕತ್ತರಿಸಿ ನೋಡಿದೆ: ಶುದ್ಧ ಸಂಶೋಧನೆ ಅತಿ ದಟ್ಟವಾಗಿದ್ದ 20–30 ವರ್ಷ ಹಿಂದಿನ ಅವಧಿಯೇ ಹಾರಿಹೋಯಿತು. ಜಗಳದ ಬಹುಪಾಲು ಅಲ್ಲೇ ಇತ್ತು. ತಾರೀಖಿಲ್ಲದ ಘಟನೆಗಳಿಗೆ ನಾನು ಹಾಕಿದ ತೂಕ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಹಾಳೆ ಕೆಡುವುದು ಆರ್ಥಿಕ ವರ್ಷದಲ್ಲಿ. ಅಮೆರಿಕದ ಆರ್ಥಿಕ ವರ್ಷ ‘1970’ ಎಂದರೆ ಜುಲೈ 1969ರಿಂದ ಜೂನ್ 1970. ಸೇನೆಯ ಕೆಲಸಕ್ಕೆ ನೇರ ಸಂಬಂಧವಿಲ್ಲದ ಸಂಶೋಧನೆಗೆ ರಕ್ಷಣಾ ಹಣ ಕೂಡದೆಂದ ಮ್ಯಾನ್ಸ್‌ಫೀಲ್ಡ್ ತಿದ್ದುಪಡಿ 1969ರ ನವೆಂಬರಿನಲ್ಲಿ ಕಾನೂನಾಯಿತು. ಅಷ್ಟರಲ್ಲಿ ಆ ವರ್ಷದ ನಾಲ್ಕು ತಿಂಗಳು ಕಳೆದಿತ್ತು. ಅದನ್ನು ಕ್ಯಾಲೆಂಡರ್ ವರ್ಷವೆಂದು ಹಾಕಿದರೆ ಕಾನೂನಿಗೆ ಮೊದಲೇ ಆದ ಖರ್ಚೂ ಅದರ ಪರಿಣಾಮದಂತೆ ಬಂದು ಕೂರುತ್ತದೆ. 1976ರಲ್ಲಿ ವರ್ಷದ ಆರಂಭ ಅಕ್ಟೋಬರಿಗೆ ಸರಿದಾಗ ನಡುವೆ ಉಳಿದ ಮೂರು ತಿಂಗಳಿಗೆ ಬೇರೆ ಸಾಲೇ ಬೇಕು. ವರ್ಷದ ಲೆಕ್ಕ ಹಣದ ಸ್ವರೂಪವನ್ನೂ ಬದಲಿಸಿತು: 1945ರಲ್ಲಿ ಅಮೆರಿಕ ಸರ್ಕಾರದ ವಿಜ್ಞಾನ ಸಲಹೆಗಾರ ವ್ಯಾನೆವರ್ ಬುಷ್ ಕೇಳಿದ್ದು ಹಲವು ವರ್ಷ ಕದಲದ ಹಣ; 1950ರ ಎನ್‌ಎಸ್‌ಎಫ್‌ಗೆ ಸಿಕ್ಕಿದ್ದು ವರ್ಷವರ್ಷವೂ ಕಾಂಗ್ರೆಸ್ ಮಂಜೂರು ಮಾಡಬೇಕಾದ ಹಣ.

ಖರ್ಚು? ಸ್ಕ್ಯಾನು, ಟೈಪಿಂಗು ಸೇರಿ ಹದಿನೈದು ಸಾವಿರದ ಆಸುಪಾಸು. ಅರ್ಧ ದುಡ್ಡು ವರದಿಗಳ ಅನುಬಂಧದ ಪಟ್ಟಿಗಳ ಓಸಿಆರ್‌ಗೆ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ದಂಡ: 3 ಹೋಗಿ 8 ಆಗುತ್ತದೆ, ಒಂದು ಘಟನೆ ಐದು ದಶಕ ಜಿಗಿಯುತ್ತದೆ. ಅಂಕಿಗಳನ್ನು ಕೈಯಲ್ಲೇ ಹೊಡೆಸಿ.

ಇದನ್ನೇ ನಮ್ಮ ಕಡೆಗೂ ಹಚ್ಚಿದೆ. ವಿಕ್ರಮ್ ಸಾರಾಭಾಯಿಯವರ ಬಾಹ್ಯಾಕಾಶ ರೂಪರೇಖೆ 1970–80ರ ದಶಕದ್ದು. ಯೋಜನಾ ಆಯೋಗದ ಲೆಕ್ಕ 1969–74, ಆಮೇಲೆ ನಾಲ್ಕೇ ವರ್ಷಕ್ಕೆ 1978ರಲ್ಲಿ ಮುಗಿದ ಐದನೇ ಯೋಜನೆ, ನಂತರ ವರ್ಷವರ್ಷವೂ ಪರಿಷ್ಕರಿಸುವ ಉರುಳು ಯೋಜನೆ (ರೋಲಿಂಗ್ ಪ್ಲಾನ್). ಉಪಗ್ರಹ ಉಡಾವಣಾ ರಾಕೆಟ್ ಎಸ್‌ಎಲ್‌ವಿ-3 ಗೆದ್ದ 1980ರ ಜುಲೈ ಬೀಳುವುದು ಆರನೇ ಯೋಜನೆಯ ಮೊದಲ ವರ್ಷದಲ್ಲಿ. ಹಣ ಕೊಟ್ಟ ಯೋಜನೆ, ಫಲ ಕಂಡ ಯೋಜನೆ ಎಂದು ಇಂಥದ್ದಕ್ಕೆ ಎರಡು ಕಾಲಂ ಇಡಿ.