ಇಲಿ ಹಿಕ್ಕೆ, ಕೊಕೇನ್ ಮತ್ತು ನನ್ನ ತಪ್ಪು ಲೆಕ್ಕಗಳು

ಏನು ಕೆಲಸ ಮಾಡ್ತೀರಿ ಅಂತ ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಇಲಿಗಳಿಗೆ ಕೊಕೇನ್ ಚುಚ್ಚುತ್ತೇನೆ, ಆಮೇಲೆ ಅವುಗಳ ಹಿಕ್ಕೆ ಹೆಕ್ಕುತ್ತೇನೆ. ಹೇಗೆ ಹೇಳಿದರೂ ಮರ್ಯಾದಸ್ಥರ ಕೆಲಸದ ಹಾಗೆ ಕೇಳಿಸುವುದಿಲ್ಲ, ಅಲ್ವಾ? ಆದರೆ ಕೊಕೇನ್ ಕೊಟ್ಟ ಮೇಲೆ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅನ್ನೋದನ್ನು ಇಲಿಗೆ ನೋವಾಗದಂತೆ ತಿಳಿಯಲು ಆ ಹಿಕ್ಕೆಯೇ ದಾರಿ.

ನನ್ನ ಮೊದಲ ಪ್ರಯೋಗದಲ್ಲಿ ಹದಿನಾರು ಇಲಿ, ನಾಲ್ಕು ಪಂಜರ. ಎರಡು ಪಂಜರಕ್ಕೆ ಕೊಕೇನ್, ಇನ್ನೆರಡಕ್ಕೆ ಬರೀ ಸಲೈನ್, ಅಂದರೆ ಉಪ್ಪುನೀರು. ಎರಡು ವಾರ ದಿನಕ್ಕೊಂದು ಇಂಜೆಕ್ಷನ್. ಹಿಕ್ಕೆ ಬಿದ್ದ ಕೂಡಲೇ ಎತ್ತಿ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಹಾಕುತ್ತಿದ್ದೆ. ಕೊನೆಗೆ ಡಿಎನ್‌ಎ ತೆಗೆದು, ಬ್ಯಾಕ್ಟೀರಿಯಾಗಳ ಗುರುತು ಹಿಡಿಯುವ 16ಎಸ್ ಜೀನ್ ಓದಿಸಿದೆ. ಗ್ರಾಫ್‌ನಲ್ಲಿ ಕೊಕೇನ್ ಇಲಿಗಳು ಒಂದು ಕಡೆ, ಸಲೈನ್ ಇಲಿಗಳು ಇನ್ನೊಂದು ಕಡೆ. ಕುಣಿಯುವುದೊಂದು ಬಾಕಿ.

ಲ್ಯಾಬಿನ ಹಿರಿಯ ಮೇಡಂ ಒಬ್ಬರು ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. “ಇಂಜೆಕ್ಷನ್ ಶುರು ಮಾಡೋ ಮುಂಚಿನ ದಿನದ್ದು ಓದಿಸಿದ್ಯಾ?”

ಓದಿಸಿರಲಿಲ್ಲ. ದುಡ್ಡು ಉಳಿಸಲು ಆ ಟ್ಯೂಬ್‌ಗಳನ್ನು ಫ್ರೀಜರ್‌ನಲ್ಲೇ ಬಿಟ್ಟಿದ್ದೆ. ಓದಿಸಿದಾಗ ನೋಡಿದರೆ, ಔಷಧ ಮುಟ್ಟುವ ಮೊದಲೇ ಪಂಜರದಿಂದ ಪಂಜರಕ್ಕೆ ವ್ಯತ್ಯಾಸವಿತ್ತು! ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ. ಹಾಗಾಗಿ ಒಂದು ಪಂಜರದವೆಲ್ಲ ಹೆಚ್ಚುಕಡಿಮೆ ಒಂದೇ ಬ್ಯಾಕ್ಟೀರಿಯಾ ಸಂಸಾರ. ನಾನು ಹದಿನಾರು ಅಂದುಕೊಂಡಿದ್ದು ನಿಜವಾಗಿ ನಾಲ್ಕು.

ಆಮೇಲೆ ಪದ್ಧತಿ ಬದಲಿಸಿದೆ. ಪ್ರಯೋಗಕ್ಕೆ ಮೊದಲು ಎಲ್ಲ ಪಂಜರಗಳ ಹಿಕ್ಕೆ ಬಿದ್ದ ಹಾಸನ್ನು ಬೆರೆಸಿ ಮತ್ತೆ ಹಂಚುತ್ತೇನೆ. ಪಂಜರಕ್ಕೆ ಎರಡೇ ಇಲಿ, ಪಂಜರಗಳು ಜಾಸ್ತಿ, ಲೆಕ್ಕ ಪಂಜರದ್ದೇ. ಒಂಟಿಯಾಗಿ ಇಡಬಹುದಿತ್ತು. ಆದರೆ ಒಂಟಿತನವೇ ಇಲಿಗೆ ಒತ್ತಡ, ಒತ್ತಡವೂ ಕರುಳನ್ನು ಬದಲಿಸುತ್ತದೆ.

ಎರಡನೇ ಸಲ ಕೊಕೇನ್ ಬದಲು ಮೆತಾಂಫೆಟಮಿನ್ (ಮೆತ್) ಅನ್ನೋ ಇನ್ನೊಂದು ಮಾದಕ. ಅಲ್ಲಿ ಎಡವಿದ್ದು ಹಸಿವಿನ ವಿಷಯದಲ್ಲಿ. ಇಂಥ ಉತ್ತೇಜಕಗಳು ಹಸಿವನ್ನು ಸಾಯಿಸುತ್ತವೆ. ಇಲಿ ತಿನ್ನದಿದ್ದರೆ ನಾರು ದೊಡ್ಡ ಕರುಳಿಗೆ ಇಳಿಯುವುದಿಲ್ಲ. ನಾರಿಲ್ಲದಿದ್ದರೆ ಅದನ್ನು ಹುಳಿಸಿ ಅಸಿಟೇಟ್, ಬ್ಯುಟಿರೇಟ್ ಅನ್ನೋ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಇದರಲ್ಲಿ ಮೆತ್‌ನ ಪಾಲೆಷ್ಟು, ಉಪವಾಸದ ಪಾಲೆಷ್ಟು? ಔಷಧ ಪಡೆದ ಇಲಿ ಇವತ್ತು ತಿಂದಷ್ಟನ್ನೇ ತೂಗಿ, ನಾಳೆ ಸಲೈನ್ ಇಲಿಗೆ ಕೊಡತೊಡಗಿದೆ. ಅದು ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿ ಉಳಿದ ಹೊತ್ತು ಪಂಜರದ ಸರಳು ಕಚ್ಚುತ್ತಿತ್ತು. ಕರುಳಿನ ಬ್ಯಾಕ್ಟೀರಿಯಾಗಳಿಗೂ ಹಗಲು ರಾತ್ರಿಯ ಲಯ ಇದೆ, ಊಟದ ಹೊತ್ತು ತಪ್ಪಿದರೆ ಅದೂ ತಪ್ಪುತ್ತದೆ. ಸರಿ, ಮೂರು ಪಾಲು ಮಾಡಿ ಕೊಟ್ಟೆ. ನಿದ್ದೆ ಕೆಟ್ಟಿದ್ದು ನನ್ನದು. ಮೊದಲು ಕಂಡಿದ್ದ ವ್ಯತ್ಯಾಸದಲ್ಲಿ ದೊಡ್ಡ ಭಾಗ ಅಲ್ಲೇ ಕರಗಿಹೋಯಿತು.

ಇನ್ನೊಂದು ಬಲೆ ಶೇಕಡಾ ಲೆಕ್ಕ. ನೂರು ಬ್ಯಾಕ್ಟೀರಿಯಾಗಳಲ್ಲಿ ಒಂದು ಜಾತಿಯವು ಇಪ್ಪತ್ತು ಅಂದುಕೊಳ್ಳಿ. ಬೇರೆಯವು ಅರವತ್ತು ಸತ್ತರೆ ಉಳಿಯುವುದು ನಲವತ್ತು. ಇಪ್ಪತ್ತು ಹಾಗೇ ಇದ್ದರೂ ಕಾಗದದ ಮೇಲೆ ಅದು ಶೇ. 50 ಆಗುತ್ತದೆ. “ಕೊಕೇನ್‌ನಿಂದ ಇಂಥ ಬ್ಯಾಕ್ಟೀರಿಯಾ ಹೆಚ್ಚಾಯಿತು” ಅಂತ ಓದಿದಾಗ ಒಟ್ಟು ಸಂಖ್ಯೆಯನ್ನೂ ಅಳೆದಿದ್ದಾರಾ ಅಂತ ಈಗ ಮೊದಲು ಹುಡುಕುತ್ತೇನೆ.

ಹಾಗಂತ ಎಲ್ಲವೂ ಭ್ರಮೆ ಅಲ್ಲ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆ್ಯಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಿದ ಇಲಿಗಳು, ಕೊಕೇನ್ ಸಿಕ್ಕಿದ ಕೋಣೆಯತ್ತ ಬೇರೆ ಇಲಿಗಳಿಗಿಂತ ಹೆಚ್ಚು ವಾಲಿದವು, ಅದೂ ಸಣ್ಣ ಡೋಸ್‌ಗೆ. ಇದನ್ನು ನಾನೂ ಮಾಡಲು ಹೊರಟು ನೀರಿಗೆ ಮೆಟ್ರೊನಿಡಝೋಲ್ ಅನ್ನೋ ಆ್ಯಂಟಿಬಯೋಟಿಕ್ ಬೆರೆಸಿದೆ. ವಿಪರೀತ ಕಹಿ. ಇಲಿಗಳು ನೀರು ಬಿಟ್ಟು ತೂಕ ಇಳಿದವು. ಆ ಆ್ಯಂಟಿಬಯೋಟಿಕ್ ರಕ್ತಕ್ಕೆ, ಅಲ್ಲಿಂದ ಮಿದುಳಿಗೂ ಹೋಗುತ್ತದೆ ಅನ್ನೋದು ಇನ್ನೊಂದು ತಲೆನೋವು. ಈಗ ನಿಯೋಮೈಸಿನ್, ವ್ಯಾಂಕೋಮೈಸಿನ್ ಥರ ಕರುಳಿನಲ್ಲೇ ಉಳಿಯುವವನ್ನು ಬಳಸುತ್ತೇನೆ.

ನನಗೆ ತುಂಬಾ ಹಿಡಿಸಿದ್ದು 2022ರ ಒಂದು ಕೆಲಸ. ಕೊಕೇನ್‌ನಿಂದ ಕರುಳಿನಲ್ಲಿ ನಾರ್‌ಅಡ್ರಿನಲಿನ್ ಅನ್ನೋ ಒತ್ತಡದ ಹಾರ್ಮೋನ್ ಏರುತ್ತದೆ. ಇ. ಕೋಲೈ ಬಳಗದ ಬ್ಯಾಕ್ಟೀರಿಯಾಗಳು ಆ ಸಂಕೇತ ಹಿಡಿದು ಕರುಳಿನಲ್ಲಿ ಬೇರೂರುತ್ತವೆ, ಗ್ಲೈಸಿನ್ ಅನ್ನೋ ಅಮೈನೋ ಆಮ್ಲವನ್ನು ತಿಂದು ಮುಗಿಸುತ್ತವೆ. ಮಿದುಳಿನಲ್ಲಿ ಸಂದೇಶ ಸಾಗಿಸಲು ಗ್ಲೈಸಿನ್ ಬೇಕು. ಅದು ಇಳಿದಾಗ ಇಲಿಗಳ ಮೇಲೆ ಕೊಕೇನ್ ಇನ್ನೂ ಜೋರಾಗಿ ಕೆಲಸ ಮಾಡಿತು. ಗ್ಲೈಸಿನ್ ಹೊರಗಿನಿಂದ ಕೊಟ್ಟರೆ ಆ ಜೋರು ಇಳಿಯಿತು. ಗ್ಲೈಸಿನ್ ಹೀರಲಾರದ ಬ್ಯಾಕ್ಟೀರಿಯಾ ಹಾಕಿದಾಗ ಹಾಗೆ ಆಗಲೇ ಇಲ್ಲ. ಯಾವುದು ಬದಲಾಯಿತು ಅಂತ ಪಟ್ಟಿ ಮಾಡಿ ನಿಲ್ಲಿಸದೆ, ಯಾಕೆ ಅಂತ ಹಿಡಿದು ತೋರಿಸಿದ ಕೆಲಸ ಅದು.

ಒಮ್ಮೆ ಇದನ್ನೆಲ್ಲ ವಿವರಿಸಿದ ಮೇಲೆ, ಚಟದಿಂದ ಹೊರಬರುತ್ತಿದ್ದವರೊಬ್ಬರು ಕೇಳಿದರು: “ಹಾಗಾದ್ರೆ ಒಳ್ಳೇ ಬ್ಯಾಕ್ಟೀರಿಯಾ ಇರೋ ಪ್ರೊಬಯೋಟಿಕ್ ಕ್ಯಾಪ್ಸೂಲ್ ತಗೊಂಡ್ರೆ ಬೇಕು ಅನ್ಸೋದು ಕಡಿಮೆ ಆಗುತ್ತಾ?” ಸುಮ್ನೆ ಆಸೆ ಹುಟ್ಟಿಸಬಾರದು ಅಂತ, ಇದೆಲ್ಲ ಇಲಿಗಳ ಮಾತು, ಡಾಕ್ಟರು ಕೊಟ್ಟ ಚಿಕಿತ್ಸೆ ಬಿಡಬೇಡಿ ಅಂದೆ. ಅವರು ಇನ್ನೊಂದು ಪ್ರಶ್ನೆ ಹಾಕಿದರು. “ಬಿಟ್ಟ ಮೇಲೆ ಕರುಳು ಎಷ್ಟು ದಿನಕ್ಕೆ ಸರಿ ಹೋಗುತ್ತೆ?”

ನಾನು ಯಾವಾಗಲೂ ಕೊನೆಯ ಇಂಜೆಕ್ಷನ್ ದಿನಕ್ಕೇ ಪ್ರಯೋಗ ಮುಗಿಸುತ್ತಿದ್ದೆ. ಈಗ ಅದರ ನಂತರವೂ ಒಂದು ತಿಂಗಳು ಹಿಕ್ಕೆ ಹೆಕ್ಕುತ್ತಿದ್ದೇನೆ. ಮುಂಚಿನ ದಿನದ ಟ್ಯೂಬ್‌ಗಳನ್ನು ಮಾತ್ರ ಈ ಸಲ ಮೊದಲೇ ಓದಿಸಿ ಆಯ್ತು.